ಮೊದಲು ನಿಲ್ಲೋದು ಕಲಿ

"ಇವತ್ತೂ ಬರೀ ನಿಲ್ಲೋದೇ ಆಯ್ತು ಅಪ್ಪಾ!"

ಕಾರಿನ ಬಾಗಿಲು ಮುಚ್ಚೋದಕ್ಕೆ ಮುಂಚೆಯೇ ನನ್ನ ಮಗನ ಗೊಣಗಾಟ ಶುರುವಾಗಿತ್ತು. ಶಿಕಾಗೋದ ಒಂದು ಪಾರ್ಕಿನ ಹಳೇ ಕಟ್ಟಡದಲ್ಲಿ ಬಾಕ್ಸಿಂಗ್ ಕಲಿಯೋಕೆ ಸೇರಿ ಆಗಲೇ ಮೂರು ವಾರ. ಈ ಮೂರು ವಾರದಲ್ಲಿ ಅವನು ಯಾರಿಗೂ ಒಂದು ಗುದ್ದು ಕೊಟ್ಟಿಲ್ಲ, ಯಾರಿಂದಲೂ ಒಂದು ಗುದ್ದು ತಿಂದಿಲ್ಲ. ಅಷ್ಟೇ ಯಾಕೆ, ಸೂರಿಗೆ ನೇತುಹಾಕಿರೋ ಆ ದೊಡ್ಡ ಚೀಲವನ್ನೂ ಮುಟ್ಟೋ ಹಾಗಿಲ್ಲವಂತೆ. ನೆಲಕ್ಕೆ ಅಂಟಿಸಿರೋ ಟೇಪಿನ ಗೆರೆಯ ಆಕಡೆ ಈಕಡೆ ಕಾಲಿಟ್ಟುಕೊಂಡು ನಿಲ್ಲೋದು, ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು ಹೆಜ್ಜೆ, ಮತ್ತೆ ನಿಲ್ಲೋದು. ಇಷ್ಟೇ!

"ಇದಕ್ಕೆ ನೇಪರ್‌ವಿಲ್‌ನಿಂದ ಇಲ್ಲೀ ತನಕ ಬರಬೇಕಾ? ನಮ್ಮ ಗ್ಯಾರೇಜ್‌ನಲ್ಲೇ ನಿಂತ್ಕೋತಿದ್ದೆ" ಅಂದ. ನಾನು ಮಾತಾಡದೆ ಗಾಡಿ ಸ್ಟಾರ್ಟ್ ಮಾಡಿದೆ. ಅವನಿಗೆ ಬೇಜಾರಾದಷ್ಟೂ ನನಗೆ ಒಳಗೊಳಗೇ ಒಂಥರಾ ಸಮಾಧಾನ. ಯಾಕೆ ಅಂತ ಹೇಳಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಸ್ವಲ್ಪ ಪೂರ್ವಕ್ಕೂ ಹೋಗಬೇಕು... ಡೆಟ್ರಾಯಿಟ್‌ಗೆ.

*

ಹೋದ ವರ್ಷದ ತನಕ ನಾವಿದ್ದದ್ದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ. ಊರಿಂದ ಯಾರು ಬಂದ್ರೂ ನಾವು ಡೌನ್‌ಟೌನ್‌ಗೆ ಕರ್ಕೊಂಡು ಹೋಗಿ ತೋರಿಸ್ತಿದ್ದ ಮೊದಲ ಜಾಗ ಅಂದ್ರೆ ಜೆಫರ್ಸನ್ ಅವೆನ್ಯೂನಲ್ಲಿರೋ ಆ ಮುಷ್ಟಿ. ಜೋ ಲೂಯಿಸ್‌ನ ನೆನಪಿಗೆ 1986ರಲ್ಲಿ ನಿಲ್ಲಿಸಿದ್ದು, 24 ಅಡಿ ಉದ್ದದ ಕಂಚಿನ ತೋಳು. ತಲೆ ಇಲ್ಲ, ಮೈ ಇಲ್ಲ, ಬರೀ ಒಂದು ತೋಳು, ಒಂದು ಮುಷ್ಟಿ. ಅದನ್ನ ನೋಡಿದ ದಿನದಿಂದ ಇವನಿಗೆ ಹುಚ್ಚು ಹಿಡೀತು. ಯೂಟ್ಯೂಬ್‌ನಲ್ಲಿ ಅಲಿ, ಟೈಸನ್, ಟಾಮಿ ಹರ್ನ್ಸ್... ವಯಲಿನ್ ಪ್ರಾಕ್ಟೀಸ್ ಮಾಡು ಅಂದ್ರೆ ಕನ್ನಡಿ ಮುಂದೆ ನಿಂತು ಗಾಳಿಗೆ ಗುದ್ದೋನು.

ನಮ್ಮ ಮನೆಯವಳಿಗೆ ಇದು ಸುತರಾಂ ಇಷ್ಟ ಇರಲಿಲ್ಲ. "ಟೆನಿಸ್ ಇದೆ, ಈಜು ಇದೆ. ತಲೆಗೆ ಹೊಡಿಸ್ಕೊಳ್ಳೋ ಆಟಾನೇ ಬೇಕಾ? 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಹಚ್ಚೋವಾಗ ಅಲಿ ಕೈ ಹೇಗೆ ನಡುಗ್ತಿತ್ತು, ನೋಡಿಲ್ವಾ ನೀವು?" ಅಂದಳು. ಅಲಿಯ ಪಾರ್ಕಿನ್ಸನ್ಸ್‌ಗೆ ಬಾಕ್ಸಿಂಗೇ ಕಾರಣವೋ ಅಲ್ಲವೋ ಅನ್ನೋದರ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ ಅಂತ ನಾನು ವಾದ ಮಾಡಿದೆ. ವಾದದಲ್ಲಿ ಗೆದ್ದೆ ಕೂಡ. ಕೆಲವು ವಾದಗಳನ್ನ ಸೋತಿದ್ರೇ ಚೆನ್ನಾಗಿರುತ್ತೆ ಅಂತ ಆಮೇಲೆ ಗೊತ್ತಾಗೋದು.

ಮನೆ ಹತ್ತಿರ ಇದ್ದ ಒಂದು ಜಿಮ್‌ಗೆ ಸೇರಿಸಿದೆ. ಹೆಸರು ಬೇಡ ಬಿಡಿ. ನಾಲ್ಕು ಪುಟದ ಫಾರ್ಮ್ ಕೊಟ್ಟರು, ಓದದೇ ಸೈನ್ ಹಾಕಿದೆ. ಮೊದಲನೇ ಶನಿವಾರ ಸ್ಕಿಪ್ಪಿಂಗ್, ಚೀಲಕ್ಕೆ ಗುದ್ದೋದು. ಎರಡನೇ ಶನಿವಾರ "ರಿಂಗ್ ಒಳಗೆ ಹೋಗ್ತೀಯಾ?" ಅಂದರು. ಇವನಿಗೆ ಆಗ ಹನ್ನೆರಡು ವರ್ಷ, ಎದುರಿಗೆ ನಿಂತವನಿಗೆ ಹದಿನೈದಾದರೂ ಇತ್ತು. ಇವನಿಗಿಂತ ಒಂದು ಗೇಣು ಎತ್ತರ. "ಹುಡುಗರು ತಿಂದೇ ಕಲೀಬೇಕು" ಅಂದರು ಅಲ್ಲಿನವರು. ನನಗೂ ಅದು ಸರಿ ಅನ್ನಿಸಿತು. ನೀರಿಗೆ ತಳ್ಳಿದ್ರೆ ತಾನೇ ಈಜು ಬರೋದು?

ನಾನು ಏನು ಮಾಡ್ತಿದ್ದೆ ಗೊತ್ತಾ? ಫೋನ್ ಹಿಡ್ಕೊಂಡು ವಿಡಿಯೋ ಮಾಡ್ತಿದ್ದೆ! ಮೈಸೂರಿನಲ್ಲಿರೋ ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸೋದಕ್ಕೆ.

ಎದುರಿನವನ ಕೈ ಬರೋದು ಕಂಡ ತಕ್ಷಣ ಇವನು ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸಿದ. ಗುದ್ದು ಕಿವಿಯ ಮೇಲ್ಭಾಗಕ್ಕೆ ಬಿತ್ತು. ಬೀಳಲಿಲ್ಲ, ಅಳಲೂ ಇಲ್ಲ, ನನ್ನ ಕಡೆ ನೋಡಿ ನಕ್ಕ. ಪರವಾಗಿಲ್ಲ, ಗಟ್ಟಿ ಹುಡುಗ ಅಂದ್ಕೊಂಡೆ. ಕಾರಿನಲ್ಲಿ ಬರೋವಾಗ "ನಾವೆಲ್ಲಿಗೆ ಹೋಗ್ತಿದೀವಿ ಅಪ್ಪಾ?" ಅಂದ. ಮನೆಗೆ ಅಂದೆ. ಎರಡು ಸಿಗ್ನಲ್ ದಾಟೋ ಅಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಕೇಳಿದಾಗ ನನ್ನ ಕೈ ಸ್ಟಿಯರಿಂಗ್ ಮೇಲೆ ತಣ್ಣಗಾಯಿತು. ಮನೆಗೆ ಹೋಗದೆ ಗಾಡಿಯನ್ನ ಆಸ್ಪತ್ರೆ ಕಡೆಗೆ ತಿರುಗಿಸಿದೆ.

ಕನ್‌ಕಷನ್ ಅಂದರು, ಮೆದುಳಿಗೆ ಆದ ಅಲುಗಾಟ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ರೂ ಪೆಟ್ಟು ಪೆಟ್ಟೇ. ಒಂದೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಓದು, ಶಾಲೆ, ಓಡಾಟ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೇದು ಬಿದ್ದರೆ ಪ್ರಾಣಕ್ಕೇ ಅಪಾಯ ಆಗಬಹುದು ಅಂತ ಡಾಕ್ಟರಮ್ಮ ನಿಧಾನವಾಗಿ, ನನ್ನ ಮುಖ ನೋಡಿಕೊಂಡು ಹೇಳಿದರು. ಮಕ್ಕಳಿಗೆ ಬಾಕ್ಸಿಂಗ್ ಬೇಡ ಅಂತ ಅಮೆರಿಕದ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲೇ ಒಟ್ಟಾಗಿ ಹೇಳಿವೆ ಅನ್ನೋದೂ ಅವತ್ತೇ ನನಗೆ ಗೊತ್ತಾಗಿದ್ದು. ಇವಳು ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಆ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. 41 ಸೆಕೆಂಡ್. ಅದರಲ್ಲಿ ಮಗನಿಗಿಂತ ಜೋರಾಗಿ ಕೇಳೋದು ನನ್ನ ದನಿಯೇ... "ಹೊಡಿ ಪುಟ್ಟಾ, ಹೊಡಿ!" ಹೊಡೆಯೋದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

*

ಕೆಲಸ ಬದಲಾಗಿ ಶಿಕಾಗೋ ಕಡೆಗೆ ಬಂದೆವು. ಹುಡುಗ ಪೂರ್ತಿ ಹುಷಾರಾದ. ಇನ್ನು ಬಾಕ್ಸಿಂಗ್ ಮಾತು ಎತ್ತಲ್ಲ ಅಂದ್ಕೊಂಡಿದ್ದೆ. ಎತ್ತಿದ. "ನಂಗೆ ಹೊಡೆತ ಬಿತ್ತು ಅಂತ ಬಿಟ್ಟುಬಿಟ್ರೆ ಯಾವಾಗ್ಲೂ ಹೆದರಿಕೇನೇ ಇರತ್ತಲ್ಲ ಅಪ್ಪಾ" ಅಂದ. ಹದಿಮೂರು ವರ್ಷದ ಹುಡುಗ ಹೀಗೆ ಕೇಳಿದ್ರೆ ಏನು ಹೇಳೋದು? ಡಾಕ್ಟರ ಹತ್ತಿರ ಬರೆಸ್ಕೊಂಡು ಬಂದೆ. ಇವಳು ಒಂದು ಷರತ್ತು ಹಾಕಿದಳು: "ಗುರುವನ್ನ ಮೊದಲು ನಾನು ನೋಡ್ತೀನಿ."

ಶಿಕಾಗೋದ ಪಾರ್ಕ್ ಡಿಸ್ಟ್ರಿಕ್ಟ್‌ನವರು ಹಲವಾರು ಪಾರ್ಕುಗಳಲ್ಲಿ ಮಕ್ಕಳಿಗೆ ಕಡಿಮೆ ಫೀಸಿನಲ್ಲಿ ಬಾಕ್ಸಿಂಗ್ ಹೇಳಿಕೊಡ್ತಾರೆ. ಅಂಥದ್ದೊಂದು ಕಡೆ ಸಿಕ್ಕವರು ಈ ಕೋಚ್. ಎಪ್ಪತ್ತರ ಹತ್ತಿರದ ಕಪ್ಪು ಮನುಷ್ಯ, ಮಾತು ಕಮ್ಮಿ, ಕೊರಳಿಗೆ ಒಂದು ಸ್ಟಾಪ್‌ವಾಚ್. ಹಳೇ ಕಥೆಯನ್ನೆಲ್ಲ ಕೇಳಿಸಿಕೊಂಡು ಇವಳ ಕಡೆ ತಿರುಗಿ ಹೇಳಿದ್ದು ಇಷ್ಟು: "ಅಮ್ಮಾ, ಕೈ ಗಟ್ಟಿಯಾಗುತ್ತೆ, ಹೊಟ್ಟೆ ಗಟ್ಟಿಯಾಗುತ್ತೆ, ಮೆದುಳು ಗಟ್ಟಿಯಾಗೋದಿಲ್ಲ. ಹೊಡೆತ ತಿಂದು ಯಾರೂ ಹೊಡೆತ ತಿನ್ನೋದನ್ನ ಕಲಿಯಲ್ಲ. ರಿಂಗ್ ಒಳಗೆ ಯಾವಾಗ ಹೋಗಬೇಕು ಅಂತ ನಾನು ಹೇಳ್ತೀನಿ. ಹುಡುಗ ಕೇಳೋ ಹಾಗಿಲ್ಲ, ಅವರಪ್ಪನಂತೂ ಕೇಳಲೇಬಾರದು."

ಇವಳಿಗೆ ಮನುಷ್ಯ ಒಪ್ಪಿಗೆಯಾದ!

ಹೀಗೆ ಶುರುವಾಗಿದ್ದು ಈ ನಿಲ್ಲೋ ವಿದ್ಯೆ. ಬೆಂಚಿನ ಮೇಲೆ ಕೂತು ನಾನೂ ನೋಡ್ತಾ ಕಲಿತೆ. ಕಾಲುಗಳು ಭುಜದಷ್ಟು ಅಗಲ, ಎಡಗಾಲು ಮುಂದೆ, ಹಿಂದಿನ ಹಿಮ್ಮಡಿ ಸ್ವಲ್ಪ ಎತ್ತಿರಬೇಕು. ಗದ್ದ ಕೆಳಗೆ, ಕೈ ಕೆನ್ನೆಗೆ, ಮೊಣಕೈ ಪಕ್ಕೆಲುಬಿಗೆ. ಮುಂದೆ ಹೋಗೋವಾಗ ಮುಂದಿನ ಕಾಲು ಮೊದಲು, ಹಿಂದೆ ಬರೋವಾಗ ಹಿಂದಿನ ಕಾಲು ಮೊದಲು. ಒಂದಕ್ಕೊಂದು ಅಡ್ಡ ಬರಲೇಬಾರದು. ಅಡ್ಡ ಬಂದ ಕ್ಷಣದಲ್ಲಿ ಮಗು ತಳ್ಳಿದ್ರೂ ಬೀಳ್ತೀರಿ. ಅದನ್ನ ತೋರಿಸೋಕೆ ಕೋಚ್ ಒಂದೇ ಬೆರಳಲ್ಲಿ ಇವನ ಭುಜ ತಳ್ಳಿದರು. ಇವನು ದಪ್ಪಂತ ಕೂತ. ಆಮೇಲೆ ಸರಿಯಾಗಿ ನಿಲ್ಲಿಸಿ ಅಂಗೈಯಲ್ಲಿ ತಳ್ಳಿದರು. ಅಲುಗಾಡಲಿಲ್ಲ. ಅವತ್ತು ಇವನ ಮುಖ ನೋಡಬೇಕಿತ್ತು!

ನನಗೆ ನೆನಪಾಗಿದ್ದು ಮೈಸೂರಿನ ನಮ್ಮ ಬೀದಿ ತುದಿಯ ಗರಡಿಮನೆ. ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಆಂಜನೇಯನ ಪಟ, ಮೂಲೆಯಲ್ಲಿ ಗದೆ. ಹೊಸದಾಗಿ ಸೇರಿದ ಹುಡುಗರಿಗೆ ಉಸ್ತಾದರು ಪಟ್ಟು ಹೇಳಿಕೊಡ್ತಿರಲಿಲ್ಲ, ಕೈಗೆ ಗುದ್ದಲಿ ಕೊಡ್ತಿದ್ರು. ಮಟ್ಟಿ ಅಗೆಯೋದು, ಹದ ಮಾಡೋದು, ದಂಡ, ಬಸ್ಕಿ. ತಿಂಗಳುಗಟ್ಟಲೆ. ಏನೋ ಜೀತ ಮಾಡಿಸ್ತಾರೆ ಅಂತ ನಾವು ಹುಡುಗರು ನಗ್ತಿದ್ವಿ. ಅಗೆದು ಅಗೆದು ಸೊಂಟ, ಭುಜ, ಹಿಡಿತ ಎಲ್ಲ ತಯಾರಾಗ್ತಿತ್ತು, ಬೀಳೋ ನೆಲವೂ ಮೆತ್ತಗಾಗ್ತಿತ್ತು ಅನ್ನೋದು ನನಗೆ ಹೊಳೆದದ್ದು ಮೂವತ್ತು ವರ್ಷ ಕಳೆದ ಮೇಲೆ, ಶಿಕಾಗೋದಲ್ಲಿ. ದಸರಾದಲ್ಲಿ ಅರಮನೆ ಒಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತಲ್ಲ, ಅದೂ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಮುಗಿಯುತ್ತೆ. ನಿಲ್ಲಿಸೋದು ಯಾವಾಗ ಅನ್ನೋದು ಕಾಳಗದ ನಿಯಮದಲ್ಲೇ ಇದೆ.

*

ನಾಲ್ಕನೇ ವಾರಕ್ಕೆ ಜಾಬ್ ಬಂತು, ಅಂದ್ರೆ ಎಡಗೈಯ ನೇರ ಗುದ್ದು. ಮತ್ತೆ ಎರಡು ವಾರ ಅದೊಂದೇ! ಮೊದಲು ನಿಧಾನಕ್ಕೆ, ಆಮೇಲೆ ಅದರ ಎರಡರಷ್ಟು ಬೇಗ, ಆಮೇಲೆ ಇನ್ನೂ ಬೇಗ. ಹೋದ ದಾರಿಯಲ್ಲೇ ಕೈ ಕೆನ್ನೆಗೆ ವಾಪಸ್ ಬರಬೇಕು, ಭುಜ ಗದ್ದವನ್ನ ಮುಚ್ಚಬೇಕು, ಉಸಿರು ಹೊರಗೆ ಬಿಡಬೇಕು.

"ಇದು ಸರಳೆ ವರಸೆ ಅಲ್ವಾ ಅಪ್ಪಾ?" ಅಂದ ಇವನು ಒಂದು ದಿನ, ತಾನಾಗೇ. ನನಗೆ ಆಶ್ಚರ್ಯ. ವಾರಕ್ಕೊಂದು ದಿನ ಮೈಸೂರಿನ ಮೇಷ್ಟ್ರ ಹತ್ತಿರ ಆನ್‌ಲೈನ್‌ನಲ್ಲಿ ವಯಲಿನ್ ಪಾಠ ಇದೆ ಇವನಿಗೆ. ಮಾಯಾಮಾಳವಗೌಳದಲ್ಲಿ ಸ ರಿ ಗ ಮ, ಮೂರು ಕಾಲದಲ್ಲಿ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಇವತ್ತಿಗೂ ಯಾವ ಮೇಷ್ಟ್ರೂ ಅದನ್ನ ಬಿಟ್ಟು ಸೀದಾ ಕೃತಿಗೆ ಹೋಗಲ್ಲ. ಹೌದಲ್ಲ, ಎಷ್ಟು ಸರಿಯಾಗಿ ಹಿಡಿದ ಅನ್ನಿಸಿತು.

ಅವತ್ತೇ ನಾನು ಅವನಿಗೆ ಜೋ ಲೂಯಿಸ್‌ನ ಪೂರ್ತಿ ಕಥೆ ಹೇಳಿದ್ದು. ಆ ಕಂಚಿನ ಮುಷ್ಟಿ ನೋಡಿದ್ದನೇ ಹೊರತು ಅದರ ಹಿಂದಿನ ಕಾಲುಗಳ ಕಥೆ ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ತಪ್ಪು ಮಾಡಿದ ಮೇಲೆ ಕೂತು ಓದಿದ್ದು.

ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಲಬಾಮಾದಲ್ಲಿ. 1926ರಲ್ಲಿ ಕುಟುಂಬ ಡೆಟ್ರಾಯಿಟ್‌ಗೆ ಬಂತು. ಮಗ ವಯಲಿನ್ ಕಲಿಯಲಿ ಅಂತ ಅಮ್ಮ ಪಾಠಕ್ಕೆ ದುಡ್ಡು ಕೊಡ್ತಿದ್ರೆ ಇವನು ಅದನ್ನ ಬ್ರೂಸ್ಟರ್ ಸೆಂಟರ್‌ನ ಜಿಮ್ಮಿಗೆ ಕಟ್ಟುತ್ತಿದ್ದ! (ಇಲ್ಲಿ ನನ್ನ ಮಗ ಚಪ್ಪಾಳೆ ಹೊಡೆದ. ನಿನಗಲ್ಲ ಈ ಐಡಿಯಾ ಅಂತ ಗದರಿಸಿದೆ.) 1932ರಲ್ಲಿ ಅವನ ಮೊದಲ ಅಮೆಚ್ಯೂರ್ ಪಂದ್ಯ. ಎದುರಿಗೆ ನಿಲ್ಲಿಸಿದ್ದು ಯಾರನ್ನ? ಜಾನಿ ಮೈಲರ್, ಅದೇ ವರ್ಷ ಅಮೆರಿಕದ ಪರವಾಗಿ ಒಲಿಂಪಿಕ್ಸ್‌ಗೆ ಹೋದವನು. ಹೊಸ ಹುಡುಗ ಲೂಯಿಸ್ ಏಳು ಸಲ ನೆಲಕ್ಕೆ ಬಿದ್ದ. ಏಳು ಸಲ! ಕೈಗೆ ಸಿಕ್ಕಿದ್ದು ಏಳು ಡಾಲರಿನ ಒಂದು ಚೀಟಿ. ಮಲತಂದೆ "ಇದೆಲ್ಲ ಸಾಕು, ಹೋಗಿ ಕೆಲಸ ನೋಡು" ಅಂದನಂತೆ. ಲೂಯಿಸ್ ಗ್ಲೌಸ್ ಮೂಲೆಗೆ ಹಾಕಿ ಫೋರ್ಡ್ ಕಾರ್ಖಾನೆಗೆ ಹೋದ. ಅಲ್ಲಿಗೇ ಮುಗಿದಿದ್ರೆ ಇವತ್ತು ಜೆಫರ್ಸನ್ ಅವೆನ್ಯೂನಲ್ಲಿ ಆ ಮುಷ್ಟಿ ಇರ್ತಿರಲಿಲ್ಲ. ಹಾಗೆ ಮುಗಿದುಹೋದ ಹುಡುಗರು ಎಷ್ಟು ಜನರೋ, ಅವರ ತೋಳನ್ನ ಯಾರು ಎರಕ ಹೊಯ್ತಾರೆ?

ಲೂಯಿಸ್ ವಾಪಸ್ ಬಂದ. 1934ರಲ್ಲಿ ಶಿಕಾಗೋದ ಗೋಲ್ಡನ್ ಗ್ಲೌಸ್ ಗೆದ್ದ. ಅದೇ ವರ್ಷ ವೃತ್ತಿಪರ ಆಟಕ್ಕೆ ಅಂತ ಶಿಕಾಗೋದಲ್ಲಿ ಜ್ಯಾಕ್ ಬ್ಲ್ಯಾಕ್‌ಬರ್ನ್ ಅನ್ನೋ ಹಳೇ ಬಾಕ್ಸರನ ಕೈಗೆ ಒಪ್ಪಿಸಿದರು. ಗೋಲ್ಡನ್ ಗ್ಲೌಸ್ ಗೆದ್ದ ಹುಡುಗನಿಗೆ ಬ್ಲ್ಯಾಕ್‌ಬರ್ನ್ ಮೊದಲು ಕಲಿಸಿದ್ದೇನು ಗೊತ್ತಾ? ನಿಲ್ಲೋದು! ಗುದ್ದು ಬಿಟ್ಟ ಮೇಲೆ ಮೈ ವಾಲುತ್ತೆ, ತೋಲ ತಪ್ಪುತ್ತೆ ಅಂತ ಕಾಲಿನಿಂದ ಮತ್ತೆ ಶುರು ಮಾಡಿಸಿದ. ಬಲ ತೋಳಿನಿಂದ ಅಲ್ಲ, ನೆಲದಿಂದ ಬರಬೇಕು ಅನ್ನೋದೇ ಪಾಠ. 1934ರ ಜುಲೈ 4ರಂದು ಶಿಕಾಗೋದಲ್ಲೇ ಲೂಯಿಸ್‌ನ ಮೊದಲ ವೃತ್ತಿಪರ ಪಂದ್ಯ, ಮೊದಲ ಸುತ್ತಿನಲ್ಲೇ ಮುಗೀತು. 1937ರ ಜೂನ್ 22ರಂದು ಅದೇ ಶಿಕಾಗೋದ ಕಮಿಸ್ಕಿ ಪಾರ್ಕ್‌ನಲ್ಲಿ ಬ್ರಾಡಕ್‌ನನ್ನ ಸೋಲಿಸಿ ವಿಶ್ವ ಚಾಂಪಿಯನ್ ಆದ.

"ಮಧ್ಯದಲ್ಲಿ ಒಂದು ಸಲ ಸೋತಿದ್ದ, ಅಲ್ವಾ?" ಅಂದ ಮಗ. ಸೋತಿದ್ದ, 1936ರಲ್ಲಿ, ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ಗೆ, ಹನ್ನೆರಡನೇ ಸುತ್ತಿನಲ್ಲಿ. ಲೂಯಿಸ್ ಜಾಬ್ ಹೊಡೆದ ಮೇಲೆ ಎಡಗೈಯನ್ನ ಕೆನ್ನೆಗೆ ತರದೆ ಕೆಳಗಿಳಿಸ್ತಿದ್ದ. ಅದನ್ನ ಫಿಲ್ಮಿನಲ್ಲಿ ನೋಡಿಟ್ಟುಕೊಂಡಿದ್ದ ಶ್ಮೆಲಿಂಗ್ ಆ ಸಂದಿಯಲ್ಲೇ ಬಲಗೈ ನುಗ್ಗಿಸಿದ. ಜಗತ್ತೇ ಹೆದರುತ್ತಿದ್ದ ಬಾಕ್ಸರ್ ಸೋತಿದ್ದು ಯಾವುದೋ ದೊಡ್ಡ ರಹಸ್ಯ ವಿದ್ಯೆಗಲ್ಲ, ಸರಳೆ ವರಸೆಯ ಒಂದು ತಪ್ಪಿಗೆ. ಎರಡು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಶ್ಮೆಲಿಂಗ್‌ನನ್ನ ಲೂಯಿಸ್ ಮುಗಿಸಿದ್ದು 124 ಸೆಕೆಂಡಿನಲ್ಲಿ.

ಡೆಟ್ರಾಯಿಟ್‌ನಲ್ಲಿ ಇನ್ನೊಂದು ದೊಡ್ಡ ಹೆಸರು ಕ್ರಾಂಕ್ ಜಿಮ್. ಇಮಾನ್ಯುಯೆಲ್ ಸ್ಟೀವರ್ಡ್ ಅಲ್ಲಿನ ನೆಲಮಾಳಿಗೆಯ ಧಗೆಯಲ್ಲಿ ತಯಾರು ಮಾಡಿದ ಟಾಮಿ ಹರ್ನ್ಸ್ 1980ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಜೋ ಲೂಯಿಸ್ ಹೆಸರಿನ ಅರೀನಾದಲ್ಲೇ. ಅಲ್ಲಿನ ಸ್ಪಾರಿಂಗ್ ಯುದ್ಧದ ಥರ ಇರ್ತಿತ್ತು ಅನ್ನೋ ಕಥೆ ಎಲ್ಲರ ಬಾಯಲ್ಲೂ ಇದೆ. ಹರ್ನ್ಸ್ ಆ ಉದ್ದನೆಯ ಎಡಗೈ ಜಾಬನ್ನ ಎಷ್ಟು ಸಾವಿರ ಸಲ ಗಾಳಿಗೆ ಹೊಡೆದಿರಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಕಥೆ ಕೇಳಿ ಮಕ್ಕಳನ್ನ ರಿಂಗಿಗೆ ತಳ್ಳೋ ನನ್ನಂಥ ಅಪ್ಪಂದಿರಿಗೆ ಅದು ಗೊತ್ತಿರಬೇಕಿತ್ತು.

*

ಮೂರನೇ ತಿಂಗಳಿಗೆ ಜೋಡಿ ಅಭ್ಯಾಸ ಶುರುವಾಯ್ತು. ಮೊದಲು ಭುಜ ಮುಟ್ಟೋ ಆಟ: ಇಬ್ಬರೂ ಗ್ಲೌಸ್ ಇಲ್ಲದೆ ಒಬ್ಬರ ಭುಜವನ್ನ ಇನ್ನೊಬ್ಬರು ಮುಟ್ಟಬೇಕು, ತಪ್ಪಿಸ್ಕೋಬೇಕು. ಆಮೇಲೆ ಒಬ್ಬ ಬರೀ ಜಾಬ್, ಇನ್ನೊಬ್ಬ ಬರೀ ತಡೆ. ಇವನು ಮಾತ್ರ ಕೈ ಹತ್ತಿರ ಬಂದರೆ ಕಣ್ಣು ಮುಚ್ತಿದ್ದ. ಡೆಟ್ರಾಯಿಟ್ ಅವನ ರೆಪ್ಪೆಯಲ್ಲೇ ಕೂತುಬಿಟ್ಟಿತ್ತು.

ಕೋಚ್ ಬೈಯಲಿಲ್ಲ. ದಿನಾ ಹತ್ತು ನಿಮಿಷ ಅವನನ್ನ ಎದುರಿಗೆ ನಿಲ್ಲಿಸಿಕೊಂಡು, ಕೈಯನ್ನ ಕೆನ್ನೆಗಿಟ್ಟುಕೊಂಡಿರೋ ಅವನ ಗ್ಲೌಸ್ ಮೇಲೆ ತಮ್ಮ ಅಂಗೈಯಿಂದ ಮೆಲ್ಲಗೆ ತಟ್ಟೋರು. ಟಪ್... ಟಪ್... "ನನ್ನ ಎದೆ ನೋಡು, ಕೈ ನೋಡಬೇಡ. ಉಸಿರು ಬಿಡು." ದಿನಗಳು ಕಳೆದಂತೆ ಸ್ವಲ್ಪ ಜೋರು, ಸ್ವಲ್ಪ ಬೇಗ. ಮಗುವಿಗೆ ತಟ್ಟಿ ನಿದ್ದೆ ಮಾಡಿಸೋರ ಥರ ಈ ಮುದುಕ ತಟ್ಟಿ ಎಚ್ಚರ ಮಾಡಿಸ್ತಿದ್ದಾರೆ ಅನ್ನಿಸ್ತಿತ್ತು ನನಗೆ. ಐದು ವಾರ ಬೇಕಾಯ್ತು. ಒಂದು ಸಂಜೆ ನೋಡ್ತೀನಿ, ಕೈ ಬರ್ತಿದೆ, ಇವನ ಕಣ್ಣು ತೆರೆದೇ ಇದೆ. ಬೆಂಚಿನ ಮೇಲೆ ಕೂತಿದ್ದ ನನಗೆ ಗಂಟಲು ಕಟ್ಟಿತು.

ಸ್ಪಾರಿಂಗ್‌ಗೆ ಈ ಕೋಚ್ ಇಟ್ಟುಕೊಂಡಿರೋ ಲೆಕ್ಕ ಹೀಗಿದೆ, ಮಕ್ಕಳನ್ನ ಸೇರಿಸಬೇಕು ಅಂತಿರೋರು ಓದಿಟ್ಟುಕೊಳ್ಳಿ. ಹೊಡೆತ ಬರೋವಾಗ ಕಣ್ಣು ತೆರೆದಿರಬೇಕು. ಸುಸ್ತಾದಾಗಲೂ ಕೈ ಕೆನ್ನೆಗೆ ವಾಪಸ್ ಬರಬೇಕು. ಹಿಂದೆ ಸರಿಯೋವಾಗ ಕಾಲು ಅಡ್ಡ ಬರಬಾರದು. 'ನಿಲ್ಲಿಸು' ಅಂದ್ರೆ ಆ ಕ್ಷಣ ನಿಲ್ಲಬೇಕು. ಈ ನಾಲ್ಕೂ ಬಂದಮೇಲೆ ತನಗೆ ಸರಿಸಮಾನ ತೂಕ, ವಯಸ್ಸು, ಅನುಭವದವನ ಜೊತೆ, ದಪ್ಪ ಗ್ಲೌಸ್, ಹಲ್ಲಿನ ಗಾರ್ಡ್, ಹೆಡ್‌ಗಿಯರ್ ಹಾಕ್ಕೊಂಡು, ಒಂದೊಂದೇ ನಿಮಿಷ, ಬರೀ ಜಾಬ್. ಹೆಡ್‌ಗಿಯರ್ ಚರ್ಮ ಹರಿಯೋದನ್ನ ತಡೆಯುತ್ತೆ, ಒಳಗೆ ಮೆದುಳು ಅಲುಗೋದನ್ನ ತಡೆಯೋದಿಲ್ಲ, ಅದನ್ನ ನಂಬ್ಕೊಂಡು ಜೋರಾಗಿ ಹೊಡೆಯೋ ಹಾಗಿಲ್ಲ. ತಲೆನೋವು ಅಂದ್ರೆ ಅವತ್ತು ಮನೆಗೆ. ಇಷ್ಟೆಲ್ಲ ಮಾಡಿದ್ರೂ ಅಪಾಯ ಇಲ್ಲ ಅಂತಲ್ಲ. ಮಕ್ಕಳ ವೈದ್ಯರು ಬೇಡ ಅನ್ನೋದಕ್ಕೆ ಕಾರಣ ಇದೆ, ಅದನ್ನ ನಾನು ಇನ್ನು ವಾದ ಮಾಡಿ ಗೆಲ್ಲೋಕೆ ಹೋಗಲ್ಲ. ಇವನು ಪಂದ್ಯ ಆಡಬೇಕು ಅಂತ ನನಗೇನೂ ಇಲ್ಲ. ಹೆದರಿಕೆ ಬಿಟ್ಟರೆ ಸಾಕು.

ಕಳೆದ ಶನಿವಾರ ಕೋಚ್ ಬಂದು "ಇವತ್ತು ಹೋಗಬಹುದು" ಅಂದರು. ಆರು ತಿಂಗಳಾಗಿತ್ತು. ಇವನಷ್ಟೇ ಎತ್ತರದ, ಇವನಷ್ಟೇ ಪುಕ್ಕಲ ಮುಖದ ಇನ್ನೊಬ್ಬ ಹುಡುಗ ಹಗ್ಗದ ಆಚೆ ಕಾಯ್ತಿದ್ದ. ನನ್ನ ಬಾಯಿ ಒಣಗಿತು. ಕೈ ತಾನಾಗೇ ಜೇಬಿಗೆ, ಫೋನಿನ ಕಡೆಗೆ ಹೋಯ್ತು. ವಾಪಸ್ ತೆಗೆದೆ.

ಇವನು ಗ್ಲೌಸ್ ಹಾಕ್ಕೊಂಡ. ಒಂದು ಕ್ಷಣ ನಿಂತ. ಆಮೇಲೆ ಕೋಚ್ ಕಡೆ ತಿರುಗಿ, "ಚೀಲದ ಮೇಲೆ ಮೂರನೇ ರೌಂಡ್‌ಗೆ ನನ್ನ ಎಡಗೈ ಇನ್ನೂ ಕೆಳಗೆ ಇಳೀತಿದೆ. ಮುಂದಿನ ವಾರ ಹೋಗ್ಲಾ?" ಅಂದ.

ಕೋಚ್ ಏನೂ ಅನ್ನಲಿಲ್ಲ, ತಲೆಯಾಡಿಸಿ ಸ್ಟಾಪ್‌ವಾಚ್ ಒತ್ತಿದರು. ಇವನು ಚೀಲದ ಹತ್ತಿರ ಹೋಗಿ ನಿಂತ. ಎಡಗಾಲು ಮುಂದೆ, ಗದ್ದ ಕೆಳಗೆ. ಆಚೆ ಹುಡುಗನೂ ಸ್ವಲ್ಪ ಹೊತ್ತು ನೋಡಿ, ತಾನೂ ಹಗ್ಗದಿಂದ ಇಳಿದು ಪಕ್ಕದ ಚೀಲಕ್ಕೆ ಬಂದ.

ಮನೆಗೆ ಬಂದ ಮೇಲೆ ಇವಳು ಬಾಗಿಲಲ್ಲೇ ನಿಂತು ಕೇಳಿದಳು, "ಏನಾಯ್ತು ಇವತ್ತು?"

"ಏನಿಲ್ಲ, ಬರೀ ನಿಲ್ಲೋದೇ ಆಯ್ತು" ಅಂದೆ.